ಗೊಂತನ ಕಾಲು ಕೆಡಿಸಿದ ಇಸೊಕೊ

ಇಸೊಕೊಳ ಎಡಗೈ ಅವಳ ಮಾತು ಕೇಳುತ್ತಿರಲಿಲ್ಲ. ತಲೆ ಒಂದು ಹೇಳುವಷ್ಟರಲ್ಲಿ ಎಡಗೈ ಇನ್ನೊಂದು ಮಾಡಿ ಮುಗಿಸಿರುತ್ತಿತ್ತು. ಕೈಯನ್ನು ಬೈದು ಏನು ಬಂತು, ಅದಕ್ಕೆ ಕಲಿಸಿದ್ದೇ ಅದು. ಗೊತೊ ದ್ವೀಪದಿಂದ ದೋಣಿ ಹತ್ತಿ, ಆಮೇಲೆ ರೈಲು ಹತ್ತಿ, ಹದಿನೈದನೇ ವಯಸ್ಸಿಗೆ ಹಿಗಾಶಿ ಒಸಾಕಾದ ಸ್ಪ್ರಿಂಗ್ ಕಾರ್ಖಾನೆಗೆ ಬಂದವಳು ಅವಳು. ಅಲ್ಲಿ ಮೂವತ್ತೆಂಟು ವರ್ಷ ಒಂದೇ ಕೆಲಸ. ಸ್ಪ್ರಿಂಗನ್ನು ಕಬ್ಬಿಣದ ಹಲಗೆಯ ಮೇಲೆ ಬೀಳಿಸಬೇಕು, ಸದ್ದು ಕೇಳಬೇಕು. ಟಿಣ್ ಅಂದರೆ ಒಳ್ಳೆಯದು, ಬಲಗಡೆಯ ಬಿಳಿ ತಟ್ಟೆ. ಟಪ್ ಅಂದರೆ ಕೆಟ್ಟದ್ದು, ಎಡಗಡೆಯ ಕೆಂಪು ಡಬ್ಬ. ದಿನಕ್ಕೆ ಎಷ್ಟು ಸಾವಿರವೋ ಅವಳೂ ಎಣಿಸಿದವಳಲ್ಲ.

ಕಾರ್ಖಾನೆ ಮುಚ್ಚಿತು. ಕೈ ಮಾತ್ರ ಕೆಲಸ ಬಿಡಲಿಲ್ಲ. ಕಿತ್ತಳೆ ಬುಟ್ಟಿಯಲ್ಲಿ ಒಂದು ಹಣ್ಣು ಮೆತ್ತಗಾಗಿದ್ದರೆ ಅದು ಎಡಕ್ಕೆ ಹಾರುತ್ತಿತ್ತು. ಅಂಚು ಚೂರಾದ ಚಹಾ ಬಟ್ಟಲು ಹಾರುತ್ತಿತ್ತು. ಗಂಡ ಸುತೆಜೊ ಬದುಕಿದ್ದಾಗ ಅವನ ಕನ್ನಡಕವನ್ನೇ ಎರಡು ಸಲ ಎಸೆದಿದ್ದಳು. "ಮದುವೆಗೆ ಮುಂಚೆ ನನ್ನನ್ನೂ ನೆಲಕ್ಕೆ ಬೀಳಿಸಿ ಸದ್ದು ಕೇಳಿದ್ಲು, ಏನೋ ಪುಣ್ಯ, ಟಿಣ್ ಅಂದೆ," ಎಂದು ಅವನು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಇಂಥವಳು ಆಟಿಕೆ ಆಸ್ಪತ್ರೆಯ ಡಾಕ್ಟರಾದದ್ದು ಒಂದು ಕಪ್ಪೆಯಿಂದ. ಗಂಡ ಹೋದ ಮೇಲೆ ಒಂದು ದಿನ ಅಂಗಡಿಬೀದಿಯಲ್ಲಿ ಕೀಲಿ ಕೊಟ್ಟರೆ ಕುಪ್ಪಳಿಸುವ ತಗಡಿನ ಕಪ್ಪೆಯೊಂದನ್ನು ಕಂಡಳು. ಮೊಮ್ಮಕ್ಕಳಿಗೆಂದು ಸುಳ್ಳು ಹೇಳಿ ತನಗೇ ಕೊಂಡಳು. ಮನೆಯಲ್ಲಿ ಕೀಲಿ ತಿರುಗಿಸಿ ಬಿಟ್ಟರೆ ಕಪ್ಪೆ ಚಾಪೆ ದಾಟಿ, ಹೊಸ್ತಿಲು ದಾಟಿ, ಚಪ್ಪಲಿಯೊಳಗೆ ಹೋಗಿ ಕೂತಿತು. ಇಸೊಕೊ ಅಲ್ಲೇ ನೆಲದ ಮೇಲೆ ಕೂತು ಬಿಟ್ಟಳು. ಮೂವತ್ತೆಂಟು ವರ್ಷ ಸ್ಪ್ರಿಂಗನ್ನು ಕಿವಿಯಿಂದ ನೋಡಿದವಳು. ಅವು ಪೆಟ್ಟಿಗೆ ತುಂಬಿ, ಲಾರಿ ಹತ್ತಿ ಹೋಗುತ್ತಿದ್ದವು. ಹೋಗಿ ಏನು ಮಾಡುತ್ತವೆ ಎಂದು ಯಾರೂ ಅವಳಿಗೆ ತೋರಿಸಿರಲಿಲ್ಲ. ಓಹೋ, ಕುಣಿಯುವುದಕ್ಕೆ ಹೋಗುತ್ತಿದ್ದವೋ ಎಂದುಕೊಂಡಳು.

ಆ ಕಪ್ಪೆ ಆರು ತಿಂಗಳಿಗೆ ನಿಂತಿತು. ತಿಂಗಳ ಎರಡನೇ ಶನಿವಾರ ವಾರ್ಡಿನ ಸಭಾಭವನದ ಮಹಡಿಯಲ್ಲಿ ಆಟಿಕೆ ಆಸ್ಪತ್ರೆ ನಡೆಯುತ್ತದೆ. ನಿವೃತ್ತರಾದ ನಾಲ್ಕೈದು ಗಂಡಸರು ಬಿಳಿ ಏಪ್ರನ್ ಕಟ್ಟಿಕೊಂಡು, ಹಣೆಗೆ ದೀಪ ಕಟ್ಟಿಕೊಂಡು, ಪುಕ್ಕಟೆ ರಿಪೇರಿ ಮಾಡುತ್ತಾರೆ. ಪುಕ್ಕಟೆ ಎಂದರೆ ಪುಣ್ಯಕ್ಕಲ್ಲ, ಮನೆಯಲ್ಲಿ ಬಿಚ್ಚಲು ಏನೂ ಉಳಿದಿರುವುದಿಲ್ಲ, ಅದಕ್ಕೆ. ರೋಗಿಗೆ ಚೀಟಿ ಬರೆಯುತ್ತಾರೆ. ಕೂಡಲೇ ವಾಸಿಯಾಗದ ಕಾಯಿಲೆಯಾದರೆ ದಾಖಲು ಮಾಡಿಕೊಂಡು ಒಬ್ಬೊಬ್ಬ ಡಾಕ್ಟರು ಒಂದೊಂದನ್ನು ಮನೆಗೆ ಒಯ್ಯುತ್ತಾರೆ, ಮುಂದಿನ ತಿಂಗಳು ಬಿಡುಗಡೆ. ಮುಖ್ಯ ಡಾಕ್ಟರು ನೊಗಿವಾ. ಮೊದಲು ಟೀವಿ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು, ಕೆಮ್ಮಿದರೂ ಲೆಕ್ಕ ಹಾಕಿ ಕೆಮ್ಮುವ ಮನುಷ್ಯ. ಇಸೊಕೊ ಒಯ್ದ ಕಪ್ಪೆಯನ್ನು ಅವರು ತಿರುಗಿಸಿ ನೋಡಿ, "ಸ್ಪ್ರಿಂಗ್ ಹೋಗಿದೆ ಅಮ್ಮಾ, ಇದರ ಆಯಸ್ಸು ಇಷ್ಟೇ," ಎಂದರು.

"ಹೋಗಿಲ್ಲ, ಕೊಕ್ಕೆಯಿಂದ ಜಾರಿದೆ. ಸದ್ದು ಕೇಳಿಸ್ತಿಲ್ವಾ?" ಎಂದಳು ಇಸೊಕೊ. ತುರುಬಿನ ಪಿನ್ನು ಕಿತ್ತು ಅಲ್ಲೇ ಸಿಕ್ಕಿಸಿದಳು. ಕಪ್ಪೆ ನೊಗಿವಾರ ಊಟದ ಡಬ್ಬಿಯೊಳಗೆ ಹಾರಿತು. ಮುಂದಿನ ತಿಂಗಳಿಂದ ಅವಳಿಗೂ ಏಪ್ರನ್ ಬಂತು.

ಆರು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಗೊಂತ ಬಂದ.

ಗೊಂತ ಅಂದರೆ ತಗಡಿನ ನಾಯಿ. ಊರವರೆಲ್ಲ ಸಂಜೆ ಮೀಯಲು ಹೋಗುವ ನಮ್ಮ ‘ಕಾಮೆಯು’ ಸ್ನಾನದಮನೆಯ ಯಜಮಾನ ಕಾನ್ಸುಕೆಯದು. ಅವನು ದುಡ್ಡು ಪಡೆಯಲು ಗಂಡಸರ ಬಾಗಿಲಿಗೂ ಹೆಂಗಸರ ಬಾಗಿಲಿಗೂ ನಡುವೆ ಎತ್ತರದ ಕಟ್ಟೆಯ ಮೇಲೆ ಕೂರುತ್ತಾನೆ. ಎಂಬತ್ತು ದಾಟಿದವನು. ಮಾತು ಎಂದರೆ ಹಲ್ಲು ಕಿತ್ತಷ್ಟು ಕಷ್ಟ ಅವನಿಗೆ. ಮೊದಲು ಮಾತೆಲ್ಲ ಹೆಂಡತಿಯ ಪಾಲಿನದಾಗಿತ್ತು. ಅವಳು ತೀರಿಕೊಂಡ ಮೇಲೆ ಅದು ಗೊಂತನ ಪಾಲಿಗೆ ಬಂತು. ಸಂಜೆ ಜನ ಬರುವ ಹೊತ್ತಿಗೆ ಕಾನ್ಸುಕೆ ನಾಯಿಗೆ ಕೀಲಿ ಕೊಟ್ಟು ಕಟ್ಟೆಯ ಹಲಗೆಯ ಮೇಲೆ ಬಿಡುತ್ತಿದ್ದ. ಗೊಂತ ಗಂಡಸರ ಕಡೆಯಿಂದ ಹೆಂಗಸರ ಕಡೆಗೆ ನಡೆಯುತ್ತಾ, ನಡುವೆ ಎಲ್ಲೋ ಮುಗ್ಗರಿಸಿ, ತಲೆ ತಗ್ಗಿಸಿ, ಒಂದು ಸಲ ಬೊಗಳುತ್ತಿದ್ದ. ಆಗ ಎದುರಿಗೆ ಯಾರಿದ್ದರೋ ಅವರಿಗೆ ಗೊಂತ ಬಗ್ಗಿ ನಮಸ್ಕಾರ ಮಾಡಿದ ಹಾಗೆ. ಇವತ್ತು ಯಾರಿಗೆ ಬಗ್ಗಿದ ಎನ್ನುವುದೇ ಸ್ನಾನದಮನೆಯಲ್ಲಿ ಅರ್ಧ ಗಂಟೆಯ ಮಾತು. "ನನಗೆ ಬಗ್ಗಿ ಎರಡು ತಿಂಗಳಾಯ್ತು, ನಾನೇನು ಮಾಡಿದೀನಿ ಇವನಿಗೆ," ಎಂದು ಮುನಿಸಿಕೊಳ್ಳುವವರೂ ಇದ್ದರು. ಕಾನ್ಸುಕೆ ಮೇಲೆ ಕೂತು ಬಾಯಿ ಬಿಡದೆ ನಗುತ್ತಿದ್ದ.

ನವೆಂಬರಿನ ಶನಿವಾರ ಅವನು ಗೊಂತನನ್ನು ಟವೆಲಿನಲ್ಲಿ ಸುತ್ತಿಕೊಂಡು ಮಹಡಿ ಹತ್ತಿ ಬಂದ. ಚೀಟಿ ಬರೆದವಳು ಇಸೊಕೊ.

"ಏನಾಗಿದೆ?"

"ಬೊಗಳಲ್ಲ."

"ಯಾವಾಗಿಂದ?"

"ಚಳಿ ಬಂದಾಗಿಂದ."

"ಕಾಲು ಎಡವೋದು?"

ಕಾನ್ಸುಕೆ ಟವೆಲನ್ನು ನಾಲ್ಕು ಮಡಿಕೆ ಮಾಡಿದ. ಆಮೇಲೆ ಹೇಳಿದ: "ಅದು ಕಾಯಿಲೆ ಅಲ್ಲ. ಅದನ್ನ ಮುಟ್ಟಬೇಡಿ."

ಅವನ ಮಟ್ಟಿಗೆ ಅದು ಭಾಷಣ. ಇಸೊಕೊ ಚೀಟಿಯಲ್ಲಿ "ಕಾಲು ಮುಟ್ಟಬಾರದು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು.

ಸೋಮವಾರ ಅಡುಗೆಮನೆ ಮೇಜಿನ ಮೇಲೆ ಗೊಂತನ ಹೊಟ್ಟೆ ಬಿಚ್ಚಿದಳು. ಬೊಗಳುವ ತಿದಿ ಕಾಗದದ್ದು, ಮೂಲೆಯಲ್ಲಿ ಹರಿದಿತ್ತು. ತೆಳು ಕಾಗದಕ್ಕೆ ಅಂಟು ಸವರಿ ತೇಪೆ ಹಾಕಿದಳು. ರೇಡಿಯೋದಲ್ಲಿ ಯಾರೋ ಮೂಲಂಗಿ ಉಪ್ಪಿನಕಾಯಿ ಹಾಕುವುದು ಹೇಗೆಂದು ತಪ್ಪುತಪ್ಪಾಗಿ ಹೇಳುತ್ತಿದ್ದರು. ಇಸೊಕೊ ಅವರಿಗೆ ಉತ್ತರ ಕೊಡುತ್ತಾ ಕೈ ಆಡಿಸುತ್ತಿದ್ದಳು. ಒಳಗೆ ಕಾಲು ಆಡಿಸುವ ಹಿತ್ತಾಳೆಯ ಹಲ್ಲುಚಕ್ರ ಒಂದಿತ್ತು, ಐದು ಯೆನ್ ನಾಣ್ಯದಷ್ಟು ಅಗಲದ್ದು. ಒಂದು ಹಲ್ಲು ಸವೆದು ಮೊಂಡಾಗಿತ್ತು. ಅದು ಕಣ್ಣಿಗೆ ಬಿದ್ದದ್ದಷ್ಟೇ ನೆನಪು. ಮಿಕ್ಕಿದ್ದು ಕೈ ನೋಡಿಕೊಂಡಿತು. ಎಡಗೈ ಚಕ್ರವನ್ನು ಕಿತ್ತು ಎಡಕ್ಕೆ ಎಸೆಯಿತು. ಅಲ್ಲಿ ಕೆಂಪು ಡಬ್ಬ ಇದ್ದೇ ಇತ್ತು, ಕಾರ್ಖಾನೆಯದು ಹಳೆಯದಾಯಿತೆಂದು ಅವಳೇ ಹೊಸದು ತಂದಿಟ್ಟುಕೊಂಡಿದ್ದಳು. ಬಲಗೈ ಬಿಡಿಭಾಗದ ಪೆಟ್ಟಿಗೆಯಿಂದ ಅದೇ ಅಳತೆಯ ಒಳ್ಳೆಯ ಚಕ್ರ ಹುಡುಕಿ ಕೂರಿಸಿತು. ಮಂಗಳವಾರ ಬೆಳಿಗ್ಗೆ ತಗಡು ಕಬ್ಬಿಣದ ಕಸದ ಗಾಡಿ ಬಂತು. ಡಬ್ಬ ಬರಿದು ಮಾಡಿ ಬಂದಳು.

ಬುಧವಾರ ಕೀಲಿ ಕೊಟ್ಟು ಗೊಂತನನ್ನು ಮೇಜಿನ ಮೇಲೆ ಬಿಟ್ಟಳು. ಗೊಂತ ಸೈನಿಕನ ಹಾಗೆ ನೆಟ್ಟಗೆ ನಡೆದ. ಉಪ್ಪಿನ ಡಬ್ಬಿ ದಾಟಿದ, ಪೇಪರು ದಾಟಿದ, ಎಲ್ಲೂ ಎಡವಲಿಲ್ಲ. ಮೇಜಿನ ಅಂಚನ್ನೂ ದಾಟಿ ಒಗೆಯುವ ಬಟ್ಟೆಯ ಬುಟ್ಟಿಗೆ ಬಿದ್ದು, ಅಲ್ಲೂ ಕಾಲು ಆಡಿಸುತ್ತಾ ಒಂದು ಸಲ ಬೊಗಳಿದ. ಇಸೊಕೊ ಮೊದಲು ನಕ್ಕಳು. ಆಮೇಲೆ ಚೀಟಿ ನೋಡಿದಳು. ಎರಡು ಗೆರೆ. ತನ್ನದೇ ಅಕ್ಷರ.

ಅವಳು ಕೆಂಪು ಡಬ್ಬವನ್ನು ತಲೆಕೆಳಗು ಮಾಡಿ ತಟ್ಟಿದಳು. ತುರುಬಿನ ಪಿನ್ನು ಒಂದು ಬಿತ್ತು.

ಆ ಸಂಜೆ ಕಾಮೆಯುವಿಗೆ ಹೋದಾಗ ಕಟ್ಟೆಯ ಹಲಗೆ ಖಾಲಿ ಇತ್ತು. ಜನ ಬಂದು ದುಡ್ಡಿಟ್ಟು ನೇರ ಒಳಗೆ ಹೋಗುತ್ತಿದ್ದರು. ಕಾನ್ಸುಕೆ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಯಾರೋ "ಗೊಂತ ಎಲ್ಲಿ?" ಎಂದು ಕೇಳಿದರೆ "ಆಸ್ಪತ್ರೆ" ಎನ್ನುತ್ತಿದ್ದ. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು.

ಇಸೊಕೊಳನ್ನು ಕಂಡು ಅವನೇ ಕೇಳಿದ: "ಬೊಗಳಿತಾ?"

"ಬೊಗಳ್ತಿದೆ," ಎಂದಳು ಅವಳು. ಸುಳ್ಳಲ್ಲ. ಆದರೂ ನೀರಿಗಿಳಿದ ಮೇಲೂ ಮೈ ಬೆಚ್ಚಗಾಗಲಿಲ್ಲ. ಮುಂದಿನ ಎರಡನೇ ಶನಿವಾರದೊಳಗೆ ಗೊಂತ ಮೊದಲಿನ ಹಾಗೆ ಎಡವದಿದ್ದರೆ ಈ ಮನುಷ್ಯನಿಗೆ ಏನೆಂದು ಹೇಳುವುದು? ನಿಮ್ಮ ನಾಯಿಗೆ ಕಾಲು ವಾಸಿಯಾಗಿಬಿಟ್ಟಿದೆ, ಕ್ಷಮಿಸಿ ಎಂದೇ?

ಮೊದಲು ನೊಗಿವಾರಿಗೆ ಹೇಳಿದಳು. ಅವರು ಮುಖ ಗಂಭೀರ ಮಾಡಿಕೊಂಡು ಕಾಗದದ ಮೇಲೆ ಚಿತ್ರ ಬರೆದರು. "ಒಂದು ಚಿಪ್ ಇಡೋಣ, ಒಂದು ಸಣ್ಣ ಮೋಟಾರು. ಬೇಕಾದಾಗ ಎಡವುತ್ತೆ. ಮೊಬೈಲಿಂದಲೇ ಎಡವಿಸಬಹುದು."

"ಮುಖ್ಯ ಡಾಕ್ಟ್ರೇ, ಆ ಮನುಷ್ಯ ಮನೆ ಫೋನೇ ಎತ್ತೋದಿಲ್ಲ."

"ಬಣ್ಣದ ದೀಪಾನೂ ಹಾಕಬಹುದು ಕಣ್ಣಿಗೆ."

"ಗೊಂತ ಕೀಲಿ ನಾಯಿ. ಕೀಲಿ ನಾಯಿಯಾಗೇ ಮನೆಗೆ ಹೋಗಬೇಕು."

ನೊಗಿವಾ ಚಿತ್ರವನ್ನು ಮಡಚಿ ಜೇಬಿಗಿಟ್ಟುಕೊಂಡರು. ಎಸೆಯಲಿಲ್ಲ. ಇನ್ಯಾವುದೋ ಬಡಪಾಯಿ ಕರಡಿಗೆ ಅದು ಕಾದಿತ್ತು.

ಹಲ್ಲುಚಕ್ರ ಕೊರೆಯುವವನು ಬೇಕು. ನಮ್ಮ ಊರಲ್ಲಿ ಅದಕ್ಕೇನು ಬರ, ಮೂರು ಮನೆಗೊಂದು ಲೇತು ತಿರುಗುತ್ತದೆ. ಇಸೊಕೊ ಹೋದದ್ದು ತ್ಸುಬೊಕುರಾನ ಹತ್ತಿರ. ಅಪ್ಪ, ಅಜ್ಜನ ಕಾಲದಿಂದ ಹಲ್ಲುಚಕ್ರದ ಮನೆ. ಹಲ್ಲಿನ ಡಾಕ್ಟರು ಬಾಯೊಳಗೆ ತಿರುಗಿಸುವ ಯಂತ್ರಕ್ಕೆ ಚಕ್ರ ಮಾಡುವವನು. ಇಸೊಕೊಗಿಂತ ಏಳೆಂಟು ವರ್ಷ ಚಿಕ್ಕವನು.

"ಅಕ್ಕಾ, ಹೇಳಿ, ಎಂಥ ಚಕ್ರ ಬೇಕು?" ಎಂದ, ಎಣ್ಣೆ ಕೈ ಒರೆಸಿಕೊಳ್ಳುತ್ತಾ.

"ಕೆಟ್ಟದ್ದು."

"ಏನು?"

"ಒಂದು ಕೆಟ್ಟ ಚಕ್ರ ಬೇಕು. ನಾಯಿ ಎಡವಬೇಕು."

ತ್ಸುಬೊಕುರಾ ಒಳಗಿದ್ದ ಹೆಂಡತಿಯನ್ನು ಕರೆದು ಇನ್ನೊಂದು ಸಲ ಹೇಳಿಸಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಇವರಿಗೆ ಒಳ್ಳೇದು ಮಾಡೋದು ಬಿಟ್ಟು ಬೇರೆ ಬರಲ್ಲ ಅಕ್ಕಾ. ಅನ್ನ ಬಡಿಸಿಕೊಂಡ್ರೂ ಅಳತೆ ನೋಡ್ತಾರೆ."

"ಕೆಟ್ಟದ್ದು ಮಾಡೋದು ಯಾವ ಮಹಾ," ಎಂದ ಅವನು.

ಮೂರು ದಿನಕ್ಕೆ ಬಂದ. ಕಿವಿಯೋಲೆ ಇಡುವಂಥ ಡಬ್ಬಿಯಲ್ಲಿ ಹತ್ತಿ ಹಾಸಿ ಚಕ್ರ ಇಟ್ಟಿದ್ದ. ಕೂರಿಸಿ ಬಿಟ್ಟರೆ ಗೊಂತ ಮೊದಲಿಗಿಂತ ನೆಟ್ಟಗೆ, ಪೊಲೀಸಿನವನ ಹಾಗೆ ನಡೆದ. ಚಕ್ರದ ಸದ್ದೇ ಇಲ್ಲ.

"ಇದರಲ್ಲಿ ಕೆಟ್ಟದ್ದು ಎಲ್ಲಪ್ಪಾ ಇದೆ?"

"ಒಂದು ಹಲ್ಲು ಮಿಲಿಮೀಟರಿನ ನೂರನೇ ಒಂದು ಭಾಗ ಕಮ್ಮಿ ಮಾಡಿದ್ದೀನಿ," ಎಂದು ಅವನು ಪಿಸುಗುಟ್ಟಿದ. "ಮೂರು ದಿನ ಊಟ ಸೇರಿಲ್ಲ ನನಗೆ."

"ಇನ್ನೂ ಕೆಡಿಸು."

"ಇನ್ನೂನಾ?"

ಎರಡನೆಯ ಸಲ ಅವನು ಅರ ಹಿಡಿದು ಒಂದು ಹಲ್ಲನ್ನು ಪೂರ್ತಿ ಉಜ್ಜಿದ. ಉಜ್ಜುವಾಗ ಅಂಗಡಿಯ ಬಾಗಿಲು ಹಾಕಿಕೊಂಡಿದ್ದನೆಂದು ಹೆಂಡತಿ ಆಮೇಲೆ ಹೇಳಿದಳು, ಯಾರಾದರೂ ನೋಡಿಬಿಟ್ಟರೆ ಎಂದು. ಈ ಸಲ ಗೊಂತ ಎಡವಿದ. ಆರು ಹೆಜ್ಜೆ ನಡೆದು ಏಳನೆಯದಕ್ಕೆ ಮುಗ್ಗರಿಸಿ, ತಲೆ ತಗ್ಗಿಸಿ, ಬೊಗಳಿದ. ಮತ್ತೆ ಆರು, ಏಳನೆಯದಕ್ಕೆ ಬೌ. ಮತ್ತೆ ಏಳು.

ಆ ಹೊತ್ತಿಗೆ ಇಸೊಕೊಳ ಅಡುಗೆಮನೆ ಬೇರೆಯೇ ರೂಪ ತಾಳಿತ್ತು. ನೊಗಿವಾ ದಿನಾ ಬರುತ್ತಿದ್ದರು, "ಈ ಕಡೆ ಕೆಲಸ ಇತ್ತು" ಎಂದು. ಇನ್ನಿಬ್ಬರು ಡಾಕ್ಟರುಗಳೂ ಬರುತ್ತಿದ್ದರು, ಅವರಿಗೂ ಈ ಕಡೆಯೇ ಕೆಲಸ. ಬರುವಾಗ ಒಬ್ಬರು ಸಿಹಿ ಬೀನ್ಸ್, ಒಬ್ಬರು ಹುರಿದ ಕಡಲೆ ತರುತ್ತಿದ್ದರು. ಮೊಮ್ಮಕ್ಕಳನ್ನು ಕಂಡ, ಕೀಲುನೋವಿನ ಗಂಡಸರು ನೆಲದ ಮೇಲೆ ಮೊಣಕಾಲೂರಿ, ಕೆನ್ನೆ ನೆಲಕ್ಕಂಟಿಸಿ, ನಾಯಿಯ ಹೊಟ್ಟೆಯ ಕೆಳಗೆ ನೋಡುತ್ತಿದ್ದರು. ಕೀಲಿ ಕೊಡುವ ಸರದಿಗೆ ಜಗಳ. "ನೀವು ಆಗ್ಲೇ ಎರಡು ಸಲ ಕೊಟ್ರಿ." "ಅದು ಪರೀಕ್ಷೆ, ಇದು ನಡಿಗೆ." ಒಬ್ಬರ ಹೆಂಡತಿ ಫೋನ್ ಮಾಡಿ "ನಮ್ಮವರು ಅಲ್ಲಿದ್ದಾರಾ?" ಎಂದು ಕೇಳಿದಳು. "ಇದ್ದಾರೆ, ಮೇಜಿನ ಕೆಳಗಿದ್ದಾರೆ," ಎಂದಳು ಇಸೊಕೊ.

"ಏಳು, ಏಳು, ಏಳು," ಎಂದ ತ್ಸುಬೊಕುರಾ ಎದೆಯುಬ್ಬಿಸಿ. "ಒಂದು ಸಲಾನೂ ತಪ್ಪಲ್ಲ. ನೋಡಿ ಬೇಕಾದ್ರೆ ನೂರು ಸಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಇಸೊಕೊ ಮಾತ್ರ ತಲೆ ಓರೆ ಮಾಡಿ ನಿಂತಿದ್ದಳು.

"ಏನೋ ಸರಿಯಿಲ್ಲ," ಎಂದಳು.

"ಏನು ಸರಿಯಿಲ್ಲ?"

"ತುಂಬ ಸರಿಯಾಗಿದೆ."

ಶನಿವಾರಕ್ಕೆ ಐದು ದಿನ ಉಳಿದಿತ್ತು. ಸೋಮವಾರ ಸಂಜೆ ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನ ತನಕ ಮುಳುಗಿಕೊಂಡು, ಯಾರಿಗೂ ಅನುಮಾನ ಬಾರದ ಹಾಗೆ ಕೇಳಿದಳು: "ಗೊಂತ ಎಷ್ಟನೇ ಹೆಜ್ಜೆಗೆ ಎಡವ್ತಿದ್ದ, ಯಾರಿಗಾದ್ರೂ ನೆನಪಿದ್ಯಾ?"

ಕೇಳಬಾರದಿತ್ತು. ತೋಫು ಅಂಗಡಿಯ ರಿತ್ಸು ಕೂಡಲೇ ಎದ್ದು ನಿಂತಳು. "ಮೂರನೇದಕ್ಕೆ. ನನಗೆ ಯಾವಾಗ್ಲೂ ಮೂರನೇದಕ್ಕೆ ಬಗ್ತಾನೆ."

"ನಿನ್ನ ತಲೆ," ಎಂದಳು ತೊಂಬತ್ತೆರಡರ ಯೊನೆ ಅಜ್ಜಿ. "ಪೂರ್ತಿ ಕೊನೇಲಿ, ದುಡ್ಡಿನ ತಟ್ಟೆ ಹತ್ರ. ಮೊದಲು ಹಿಂಗೆ ವಾಲ್ತಾನೆ, ಆಮೇಲೆ ಹಿಂಗೆ."

"ಅಜ್ಜಿ, ಅದು ನೀವು ನಡೆಯೋ ರೀತಿ."

"ನಿನಗೆ ತೋರಿಸ್ಕೊಡ್ಲಾ?"

ಯೊನೆ ಅಜ್ಜಿ ತೊಟ್ಟಿಯಿಂದ ಎದ್ದು, ತಲೆಗೆ ಸಣ್ಣ ಟವೆಲ್ ಒಂದೇ, ಒದ್ದೆ ಕಲ್ಲಿನ ಮೇಲೆ ಗೊಂತನ ಹಾಗೆ ನಡೆದಳು. ರಿತ್ಸು ಅವಳ ಹಿಂದೆ ತನ್ನ ಗೊಂತನನ್ನು ನಡೆಸಿದಳು. ಇನ್ನೂ ಮೂವರು ಎದ್ದರು. ಒಬ್ಬಳ ಗೊಂತ ಎಡಗಾಲಿಗೆ ಎಡವಿದರೆ ಇನ್ನೊಬ್ಬಳದು ಬಲಗಾಲಿಗೆ. ಐದು ಜನ ಹೆಂಗಸರು ಮೈಮೇಲೆ ನೂಲಿಲ್ಲದೆ ಸಾಲಾಗಿ ಬೊಗಳುತ್ತಾ ಸುತ್ತುತ್ತಿದ್ದರೆ ನಗದವರು ಯಾರು. ಬಕೆಟ್ಟುಗಳು ಉರುಳಿದವು. ಗೋಡೆಯಾಚೆ ಗಂಡಸರ ಕಡೆಯಿಂದ ಯಾರೋ "ಅಲ್ಲೇನ್ರೀ ನಾಯಿ ಹಿಡಿಯೋರು ಬಂದಿದ್ದಾರಾ?" ಎಂದು ಕೂಗಿದರು. ನಡುಗೋಡೆ ಚಾವಣಿಯ ತನಕ ಇಲ್ಲ, ಮೇಲೆ ತೆರೆದಿದೆ.

"ಎಡವೋಕೆ ಮುಂಚೆ ಒಂದು ಸದ್ದು ಬರುತ್ತಲ್ಲಾ," ಎಂದಳು ಯೊನೆ ಅಜ್ಜಿ ಏದುಸಿರು ಬಿಡುತ್ತಾ. "ಗಡ ಗಡ ಗಡ ಅಂತ. ಹಳೇ ಸೈಕಲ್ ಚಕ್ರದ ಹಾಗೆ. ಅದು ಬಂದ ಮೇಲೇ ಬಗ್ಗೋದು."

ಇಸೊಕೊ ನೀರಿನಲ್ಲಿ ನೆಟ್ಟಗಾದಳು. ಕಿವಿ ಎಚ್ಚರವಾಯಿತು. ಒಂದು ಹಲ್ಲು ಮೊಂಡಾದರೆ ಟಕ್ ಅನ್ನಬೇಕು, ಒಂದೊಂದು ಸುತ್ತಿಗೂ ಒಂದು ಟಕ್. ಗಡಗಡ ಹಲ್ಲಿನ ಸದ್ದಲ್ಲ. ಗಡಗಡ ಅಂದರೆ ನಡುವಿನ ತೂತು ಸವೆದು ಅಗಲವಾಗಿದೆ, ಚಕ್ರ ಅಚ್ಚಿನ ಮೇಲೆ ಓಲಾಡುತ್ತಿದೆ. ಓಲಾಡುವ ಚಕ್ರಕ್ಕೆ ಹೆಜ್ಜೆಯ ಲೆಕ್ಕವೆಲ್ಲಿ? ಮನಸ್ಸು ಬಂದ ಕಡೆ ಜಾರುತ್ತದೆ. ರಿತ್ಸುವಿಗೆ ಮೂರಕ್ಕೆ, ಅಜ್ಜಿಗೆ ಕೊನೆಗೆ. ಇಲ್ಲಿ ಬೊಗಳುತ್ತಿರುವ ಐದು ಜನವೂ ನಿಜವನ್ನೇ ಹೇಳುತ್ತಿದ್ದಾರೆ. ತಾನು ಮಾತ್ರ ಕಾರ್ಖಾನೆಯವಳ ಹಾಗೆ ಕೆಡುಕಿಗೂ ಒಂದು ಅಳತೆ ಹುಡುಕುತ್ತಿದ್ದಳು.

ಹೊರಗೆ ಬರುವಾಗ ಕಾನ್ಸುಕೆ ಕಟ್ಟೆಯ ಮೇಲಿಂದ ಅವಳನ್ನೇ ನೋಡುತ್ತಿದ್ದ. ಇಸೊಕೊ ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ನಡೆದಳು.

ಮರುದಿನ ಬೆಳಿಗ್ಗೆ ತ್ಸುಬೊಕುರಾನಿಗೆ ಹೇಳಿದಳು: "ಹಲ್ಲು ಬಿಡು. ತೂತು ಅಗಲ ಮಾಡಬೇಕು."

ಅವನು ಎರಡು ಹೆಜ್ಜೆ ಹಿಂದೆ ಸರಿದ. "ಸಡಿಲ ಮಾಡೋದಾ? ಬೇಕಂತಲೇ?"

"ಬೇಕಂತಲೇ."

"ಅಕ್ಕಾ, ಹಲ್ಲು ಉಜ್ಜು ಅಂದ್ರಿ, ಉಜ್ಜಿದೆ. ತೂತು ಮಾತ್ರ ನನ್ನ ಕೈಲಾಗಲ್ಲ. ತೂತು ಸಡಿಲ ಮಾಡಿದ್ದಕ್ಕೆ ನಮ್ಮಪ್ಪ ನನ್ನ ಜೊತೆ ಒಂದು ವಾರ ಊಟದ ಹೊತ್ತಲ್ಲೂ ಮಾತಾಡಿರಲಿಲ್ಲ. ಅದೂ ಎಷ್ಟು, ಕೂದಲಿನಷ್ಟು."

"ಹಾಗಾದ್ರೆ ತೂತು ಹಿಗ್ಗಿಸೋ ಕಡ್ಡಿ ಕೊಡು. ನಾನೇ ಮಾಡ್ತೀನಿ."

ಕಡ್ಡಿಯನ್ನು ಮನೆಗೆ ತಂದುಕೊಟ್ಟ. ಕೊಟ್ಟವನು ಹೋಗಲೂ ಇಲ್ಲ, ನೋಡಲೂ ಇಲ್ಲ. "ನಾನು ಹೊರಗೆ ಹೋಗಿ ಒಂದು ಸಿಗರೇಟು ಸೇದ್ತೀನಿ," ಎಂದ.

"ನೀನು ಸಿಗರೇಟು ಬಿಟ್ಟು ಹನ್ನೆರಡು ವರ್ಷ ಆಯ್ತಲ್ಲೋ."

"ಇವತ್ತು ಶುರು ಮಾಡ್ತೀನಿ."

ಇಸೊಕೊ ಮೊದಲು ಕೆಂಪು ಡಬ್ಬವನ್ನು ಎತ್ತಿ ಪಕ್ಕದ ಕೋಣೆಯಲ್ಲಿಟ್ಟು ಬಾಗಿಲು ಹಾಕಿದಳು. ಎಡಗೈಯಲ್ಲಿ ಚಕ್ರ, ಬಲಗೈಯಲ್ಲಿ ಕಡ್ಡಿ. ಒಂದು ಸುತ್ತು ತಿರುಗಿಸಿದಳು. ಹಿತ್ತಾಳೆಯ ಪುಡಿ ಅರಿಶಿನದ ಹಾಗೆ ಉದುರಿತು. ಬೆನ್ನ ಮೇಲೆ ಯಾರೋ ಮೇಸ್ತ್ರಿ ನಿಂತು ನೋಡುತ್ತಿರುವ ಹಾಗೆ ಕತ್ತು ಬಿಸಿಯಾಯಿತು. ಕೂರಿಸಿ ನೋಡಿದಳು, ಗೊಂತ ಎಡವಲಿಲ್ಲ. ಬಿಚ್ಚಿ ಇನ್ನೊಂದು ಸುತ್ತು. ಮತ್ತೆ ಬಿಚ್ಚಿ ಮತ್ತೊಂದು. ಬಾಗಿಲ ಸಂದಿಯಿಂದ "ಆಯ್ತಾ?" ಎಂದು ಕೇಳಿದ ತ್ಸುಬೊಕುರಾ. "ಇನ್ನೂ ಚೆನ್ನಾಗೇ ಇದೆ," ಎಂದರೆ ನಿಟ್ಟುಸಿರು ಬಿಟ್ಟ. ಸಂತೋಷಕ್ಕೋ ಸಂಕಟಕ್ಕೋ ಅವನಿಗೇ ಗೊತ್ತು.

ಆರನೆಯ ಸುತ್ತು ಮುಗಿಸಿ ಚಕ್ರವನ್ನು ಬೆಳಕಿಗೆ ಹಿಡಿದಳು. ಹಿಡಿದದ್ದಷ್ಟೇ. ಎಡಗೈ ಅದನ್ನು ಎಡಕ್ಕೆ ಎಸೆದುಬಿಟ್ಟಿತು.

ಡಬ್ಬ ಇರಲಿಲ್ಲ. ಚಕ್ರ ನೆಲದ ಮೇಲೆ ಟಪ್ ಎಂದು ಬಿದ್ದು ಫ್ರಿಜ್ಜಿನ ಕೆಳಗೆ ಉರುಳಿತು. ತ್ಸುಬೊಕುರಾ ಓಡಿಬಂದ. ಇಬ್ಬರೂ ನೆಲಕ್ಕೆ ಬಗ್ಗಿ, ಚಾಪ್‌ಸ್ಟಿಕ್ಕಿಗೆ ಅಂಟು ಹಚ್ಚಿ, ಧೂಳು, ಒಣಗಿದ ಬಟಾಣಿ, ಎರಡು ವರ್ಷದ ಹಿಂದೆ ಕಳೆದುಹೋದ ಕಿಟಕಿಯ ಚಿಲಕ, ಎಲ್ಲ ಎಳೆದು ಕೊನೆಗೆ ಚಕ್ರ ಎಳೆದರು.

"ಯಾಕೆ ಎಸೆದ್ರಿ?"

"ನಾನಲ್ಲ, ಕೈ," ಎಂದಳು ಇಸೊಕೊ. ಅವಳ ಮುಖ ಬೆಳಗಿತ್ತು. "ಮೂವತ್ತೆಂಟು ವರ್ಷದಲ್ಲಿ ಈ ಕೈ ಒಳ್ಳೇದನ್ನ ಯಾವತ್ತೂ ಎಸೆದಿಲ್ಲ. ಎಸೆದಿದೆ ಅಂದ್ರೆ ಇದು ನಿಜವಾಗ್ಲೂ ಕೆಟ್ಟಿದೆ."

ಕೂರಿಸಿದರು. ಗೊಂತ ನಡೆದ. ಗಡ ಗಡ ಗಡ, ಐದಕ್ಕೆ ಎಡವಿದ. ಆಮೇಲೆ ಒಂಬತ್ತಕ್ಕೆ. ಆಮೇಲೆ ಎರಡಕ್ಕೇ. ತ್ಸುಬೊಕುರಾ ಒಂದೊಂದು ಸಲಕ್ಕೂ ಹಲ್ಲು ನೋವು ಬಂದವನ ಹಾಗೆ ಕೆನ್ನೆ ಹಿಡಿದುಕೊಂಡ. "ಇದರ ಮೇಲೆ ನಮ್ಮ ಅಂಗಡಿ ಗುರುತು ಹಾಕಿಲ್ಲ, ಯಾರಿಗೂ ಹೇಳಬೇಡಿ," ಎಂದ. ಕೀಲಿ ಮಾತ್ರ ಮತ್ತೆ ಅವನೇ ಕೊಟ್ಟ.

ಶನಿವಾರ ಸಭಾಭವನದ ಮಹಡಿಯಲ್ಲಿ ಕಾನ್ಸುಕೆ ಮೊದಲನೆಯವನಾಗಿ ಬಂದು ಕೂತ. ಉದ್ದ ಮೇಜಿನ ಒಂದು ಪಕ್ಕ ಡಾಕ್ಟರುಗಳೆಲ್ಲ ಸಾಲಾಗಿ ನಿಂತರು. ತ್ಸುಬೊಕುರಾ, "ನನಗೇನೂ ಇದರ ಸಂಬಂಧ ಇಲ್ಲ, ಈ ಕಡೆ ಕೆಲಸ ಇತ್ತು," ಎಂದು ಎಲ್ಲರಿಗೂ ಹೇಳುತ್ತಾ ತುದಿಯಲ್ಲಿ ನಿಂತಿದ್ದ. ಇಸೊಕೊ ಗೊಂತನನ್ನು ಮೇಜಿನ ಮೇಲಿಟ್ಟು, ಕೀಲಿಯ ಮೇಲೆ ಕೈ ಮುಚ್ಚಿ ಹಿಡಿದಳು.

"ಕೀಲಿ ಕೊಡೋಕೆ ಮುಂಚೆ ಒಂದು ಮಾತು. ಒಳಗಿನ ಕಾಲಿನ ಚಕ್ರ ಇವನದಲ್ಲ. ನೀವು ಮುಟ್ಟಬೇಡಿ ಅಂದಿದ್ರಿ. ನಾನು ಮುಟ್ಟಿದೆ. ಮುಟ್ಟಿ ಎಸೆದೆ. ಕಸದ ಗಾಡಿಗೆ ಹೋಯ್ತು."

ನೊಗಿವಾ ಕೆಮ್ಮಲು ಹೊರಟು ನಿಲ್ಲಿಸಿಕೊಂಡರು.

ಕಾನ್ಸುಕೆ ಟವೆಲನ್ನು ನಿಧಾನವಾಗಿ ಮಡಿಸಿದ. "ನಮ್ಮ ಗೋಡೆ," ಎಂದ. ಇನ್ನೊಂದು ಮಡಿಕೆ ಹಾಕಿ, "ಮೇಲೆ ತೆರೆದಿದೆ," ಎಂದ.

"ಎಲ್ಲಾ ಕೇಳಿಸ್ತಾ?"

"ಬೊಗಳಿದ್ದೂ."

ಇಸೊಕೊಳ ಕಿವಿಯ ತುದಿ ಕೆಂಪಾಯಿತು. ಸೋಮವಾರದಿಂದ ಈ ಮನುಷ್ಯ ಗೊತ್ತಿದ್ದೂ ಸುಮ್ಮನಿದ್ದ. ಅವನು ಸುಮ್ಮನಿರುವುದಕ್ಕೆ ಕಾರಣವೇ ಬೇಕಿಲ್ಲ, ಅದು ಬೇರೆ ಮಾತು.

"ಹೊಸ ಕಾಲಾ?" ಎಂದು ಕೇಳಿದ.

"ಹೊಸದು. ಕೆಟ್ಟದಾಗಿ ಮಾಡಿದ್ದೀವಿ."

"ಎಷ್ಟು ಕೆಟ್ಟದು?"

"ನಮ್ಮ ಕೈಲಾದಷ್ಟು."

ಕಾನ್ಸುಕೆ ತಲೆಯಾಡಿಸಿ ಕೀಲಿಯನ್ನು ತನ್ನತ್ತ ತಿರುಗಿಸಿಕೊಂಡ. ಎಣಿಸದೆ ತಿರುಗಿಸಿದ. ಬಿಟ್ಟ.

ಗೊಂತ ಹೊರಟ. ಇಸೊಕೊಳನ್ನು ದಾಟಿದ, ಎಡವಲಿಲ್ಲ. ನೊಗಿವಾರನ್ನು ದಾಟಿದ. ಅವರು ಮೆಲ್ಲಗೆ "ನಾಲ್ಕು, ಐದು, ಆರು" ಎನ್ನುತ್ತಿದ್ದರು, ಇಸೊಕೊ ಅವರ ತೋಳು ಚಿವುಟಿದಳು. ಗೊಂತ ಮೂರನೆಯ ಡಾಕ್ಟರನ್ನು ದಾಟಿದ, ನಾಲ್ಕನೆಯವರನ್ನೂ ದಾಟಿದ. ಹತ್ತಾಯಿತು, ಹನ್ನೆರಡಾಯಿತು. ನೆಟ್ಟಗೆ, ಆರೋಗ್ಯವಂತನ ಹಾಗೆ ನಡೆಯುತ್ತಲೇ ಇದ್ದ. ಅಡುಗೆಮನೆಯಲ್ಲಿ ನೂರು ಸಲ ಎಡವಿದವನು ಇಲ್ಲಿ ಬಂದು ವಾಸಿಯಾಗಿಬಿಟ್ಟನಲ್ಲ. ಕಾನ್ಸುಕೆಯ ಮುಖದಲ್ಲಿ ಏನೂ ಇರಲಿಲ್ಲ. ಅವನು ನಾಯಿಯ ಜೊತೆಗೆ ಮೇಜಿನುದ್ದಕ್ಕೂ ಹೆಜ್ಜೆ ಹಾಕುತ್ತಿದ್ದ.

ಆಗ ಗಡ ಗಡ ಎಂದಿತು. ಮೇಜಿನ ಕಟ್ಟಕಡೆಯಲ್ಲಿ, ಇದಕ್ಕೂ ತನಗೂ ಸಂಬಂಧವಿಲ್ಲವೆಂದು ನಿಂತಿದ್ದ ತ್ಸುಬೊಕುರಾನ ಎದುರಿಗೆ, ಗೊಂತ ಮುಗ್ಗರಿಸಿದ. ತಲೆ ತಗ್ಗಿಸಿದ. ಬೊಗಳಿದ.

ತ್ಸುಬೊಕುರಾ ಕೈಗಳನ್ನು ತೊಡೆಗೆ ಅಂಟಿಸಿ, ಸೊಂಟ ಬಗ್ಗಿಸಿ, ನಾಯಿಗೆ ಮರುನಮಸ್ಕಾರ ಮಾಡಿದ. ಮಾಡಿದ ಮೇಲೆ ತಾನು ಮಾಡಿದ್ದೇನೆಂದು ತಿಳಿದು, ಬಗ್ಗಿದಲ್ಲೇ ಉಳಿದ. ಡಾಕ್ಟರುಗಳೆಲ್ಲ ನಗುವನ್ನು ತಡೆಯಲು ಏಪ್ರನ್ ಬಾಯಿಗೆ ತುರುಕಿಕೊಂಡರು.

ಕಾನ್ಸುಕೆ ಗೊಂತನನ್ನು ಎತ್ತಿ ಟವೆಲಿನಲ್ಲಿ ಸುತ್ತಿದ. ಮೂಗು ಮಾತ್ರ ಹೊರಗೆ ಕಾಣುವ ಹಾಗೆ. ಇಸೊಕೊಳ ಕಡೆ ತಿರುಗಿ ಸಣ್ಣಗೆ ತಲೆ ಬಗ್ಗಿಸಿದ. ಆಮೇಲೆ ತ್ಸುಬೊಕುರಾನನ್ನು ಕೇಳಿದ: "ನಿಮ್ಮ ಮನೇಲಿ ಸ್ನಾನದ ತೊಟ್ಟಿ ಇದೆಯಾ?"

"ಇದೆ. ಹೋದ ವರ್ಷ ಹೊಸದು ಹಾಕಿಸಿದ್ದೀವಿ."

"ಆದ್ರೂ ಬನ್ನಿ," ಎಂದ ಕಾನ್ಸುಕೆ.